ಕೆಂಗೇರಿಯಿಂದ ಬಸ್ಸಲ್ಲಿ ಬಂದ ನಾಯಿ

...ಈ ಆಂಪ್ಲಿಫೈಯರ್ ಮೇಲೆ ಕೈಯಿಟ್ಟು ಹೇಳ್ತೀನಿ ಶಿವಗಂಗಮ್ಮನೋರೇ, ನನಗೆ ಅನ್ನ ಹಾಕೋ ದೇವರು ಇದು. ಸುಳ್ಳಾಡಿದ್ರೆ ಈ ಲಕ್ಷ್ಮೀಪತಿ ಬಾಯಿ ಸೇದಿಹೋಗಲಿ! ಒಂದಕ್ಷರ ಸುಳ್ಳಿಲ್ಲ. ನಿಮ್ಮ ಮನೆಯಿಂದ ಕಾಣೆಯಾದ ನಾಯಿ ತಾನಾಗೇ ಕೆಂಗೇರಿಯಲ್ಲಿ ಬಸ್ಸು ಹತ್ತಿ, ವಿಜಯನಗರದಲ್ಲಿ ಇಳಿದು, ನೆಟ್ಟಗೆ ನನ್ನ ಮನೆಗೆ ಬಂದಿದೆ. ಹೌದು, ಬಸ್ಸೇ! ಯಾಕೆ ಹಾಗೆ ನೋಡ್ತೀರಿ?

ಮೊದಲು ಕೂತ್ಕೊಳ್ಳಿ. ಆ ಸ್ಟೂಲ್ ಬೇಡ, ಅದರ ಮೂರನೇ ಕಾಲು ಸತ್ಯವಂತರನ್ನ ಮಾತ್ರ ಹೊರೋದು, ಹಹ್ಹ... ಚಾಪೆ ಮೇಲೇ ಕೂತ್ರಾ? ಮಂಚದ ಹತ್ರ? ಸರಿ, ನಿಮ್ಮಿಷ್ಟ. ಆ ಮೈಕಿನ ಹಾರ್ನ್ ಪಕ್ಕಕ್ಕೆ ಸರಿಸಿ, ಒಳಗೇನೂ ಇಲ್ಲ, ಬರೀ ಗಾಳಿ, ನನ್ನ ಹಾಗೆ.

ಹಾಂ, ಮಂಚದ ಕೆಳಗಿರೋದು ಅದೇ. ಬಾಲದ ತುದಿ ಕಾಣುತ್ತಲ್ಲ? ಸಿಡಿಲೂ! ಏಯ್ ಸಿಡಿಲೂ, ಯಾರು ಬಂದಿದಾರೆ ನೋಡೇ! ...ಎಳ್ಕೊಂಡ್ತು ಬಾಲಾನ. ನಾಚಿಕೆ ಸ್ವಭಾವ. ನೆಂಟರು ಬಂದಾಗ ಮಾತ್ರ ಹೀಗೆ. ನಾವಿಬ್ಬರೇ ಇದ್ದಾಗ ನೀವು ನೋಡ್ಬೇಕು! ಎದೆ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತೆ. ತಟ್ಟೇಲಿಟ್ರೆ ಮೂಸಲ್ಲ, ಹಾಲಲ್ಲಿ ನೆನೆಸಿದ ಬನ್ನು ಈ ಅಂಗೈಲೇ ಇಡಬೇಕು. ಆಗ ಮಹಾರಾಣಿ ತಿಂತಾಳೆ.

ಬಸ್ಸಿನ ವಿಷಯ ಕೇಳಿ. ಸ್ಟಾಪಲ್ಲಿ ಕ್ಯೂ ನಿಂತಿತ್ತಂತೆ. ಹತ್ತಿದ ಮೇಲೆ ಸೀದಾ ಹೆಂಗಸರ ಸೀಟು. ಮರ್ಯಾದಸ್ಥ ನಾಯಿ! ಕಂಡಕ್ಟರ್ ಅರ್ಧ ಟಿಕೆಟ್ ಹರಿದು ಕೊಟ್ಟನಂತೆ. ನಗ್ತಿದೀರಾ? ...ಇಲ್ವಾ? ನಗಬಹುದಾಗಿತ್ತು. ಈ ಬೀದೀಲಿ ಎಲ್ಲರೂ ನಕ್ಕರು.

ಸೈಕಲ್ ಬೆಲ್ ಕೇಳಿದ್ರೆ ಚರಂಡಿಗೆ ಇಳಿಯೋ ನಾಯಿ ಬಸ್ಸು ಹತ್ತುತ್ತಾ ಅಂತ ತಾನೇ ನಿಮ್ಮ ಮುಖ ಕೇಳ್ತಿರೋದು? ಋಣ ಕಣ್ರಮ್ಮಾ, ಋಣ! ಪ್ರಾಣ ಉಳಿಸಿದವನು ನಾನು. ಹೋದ ದೀಪಾವಳಿ ಮಾರನೇ ದಿನ, ಹೊಸಹಳ್ಳಿ ಛತ್ರದಲ್ಲಿ ಒಂದು ನಾಮಕರಣ. ಮುಗಿದ ಮೇಲೆ ಹಾರ್ನ್ ಬಿಚ್ಚೋಕೆ ಹಿಂದುಗಡೆ ಹೋದೆ. ಎಂಜಲೆಲೆ ಗುಂಡಿ ಹತ್ರ ಹನ್ನೆರಡು ಜನ ರೌಡಿಗಳು ಇದರ ಬಾಲಕ್ಕೆ ಸರಪಟಾಕಿ ಕಟ್ಟಿ... ಸರಿ, ನಾಲ್ಕು ಜನ. ಆಯ್ತು ಬಿಡಿ, ಚಡ್ಡಿ ಹಾಕಿದ ಹುಡುಗರು. ಆದ್ರೆ ಬೆಂಕಿ ಹಚ್ಚಿಯಾಗಿತ್ತು. ನಾನು ಹಾರಿ ಸರ ಕಿತ್ತೆ. ಕೈಯಲ್ಲೇ ಸಿಡೀತು. ಇಲ್ಲಿ ನೋಡಿ, ಈ ಕಪ್ಪು ಕಲೆ. ಇದಕ್ಕೆ ಬಣ್ಣ ಹಚ್ಚಿಲ್ಲ. ಇದು ನಿಜ.

ಅವತ್ತಿಂದ ಅದಕ್ಕೆ ಸದ್ದು ಅಂದ್ರೆ ಯಮ. ನಮ್ಮದೋ ಮೈಕ್ ಸೆಟ್ ಮನೆ. ನಾನು 'ಹಲೋ, ಹಲೋ, ಮೈಕ್ ಟೆಸ್ಟಿಂಗ್' ಅಂದ್ರೆ ಅದು ಮಂಚದ ಕೆಳಗೇ ಉಚ್ಚೆ ಹೊಯ್ಕೊಳ್ಳುತ್ತೆ. ಅನಂತಲಕ್ಷ್ಮಿ ಹೇಳಿದ್ಲು, "ಗಣೇಶನ ಹಬ್ಬ ಬರ್ತಿದೆ, ಬೆಳಗಾದ್ರೆ ಹಾರ್ನ್ ಊದಿಸ್ತೀರಿ. ಈ ಸಲ ಇದರ ಎದೆ ಒಡೆದೇ ಹೋಗುತ್ತೆ. ಸದ್ದಿಲ್ಲದ ಮನೆ ಹುಡುಕಿ ಕೊಟ್ಟುಬಿಡಿ ರೀ" ಅಂತ. ಹೆಂಡತಿ ಹೇಳೋದೆಲ್ಲ ಸರಿಯಾಗಿರುತ್ತೆ, ಅದೇ ಕಷ್ಟ.

ಹುಡುಕಿದೆ. ಮಗಳಿಗೆ ಗಂಡು ನೋಡೋ ಅಪ್ಪನೂ ಇಷ್ಟು ಚಪ್ಪಲಿ ಸವೆಸಿರಲ್ಲ. ಶಂಭುಲಿಂಗಪ್ಪ ತಗೋತೀನಿ ಅಂದ, ಅವನದು ಹಿಟ್ಟಿನ ಗಿರಣಿ. ಬೆಟ್ಟಯ್ಯ ಕೇಳಿದ, ಅವನ ಮನೇಲಿ ಮಕ್ಕಳೇ ಗಿರಣಿ. ಕೊನೆಗೆ ನಿಮ್ಮನೆ. ನೀವು ಜಗಲೀಲಿ ಕೂತು ದೇವರ ಬತ್ತಿ ಹೊಸೀತಿದ್ರಿ. ಅಬ್ಬಾ, ಏನು ಮೌನ! ಹತ್ತಿ ಎಳೆಯೋ ಸದ್ದು ನನ್ನಂಥ ಕಿವುಡನಿಗೂ ಕೇಳಿಸ್ತು. ಅಲ್ಲೇ ಬಿಟ್ಟು ಬಂದೆ. ಬರ್ತಾ ಹಿಂತಿರುಗಿ ಕೂಡ ನೋಡಲಿಲ್ಲ... ನೋಡಿದೆ. ಅದು ನೋಡ್ಲಿಲ್ಲ.

ಏನು ದಿಟ್ಟಿಸ್ತಿದೀರಿ ಕೆಳಗೆ? ಓ... ಆ ಟವೆಲ್ಲಾ? ಕೆಂಪು ಅಂಚಿಂದು? ನಿಮ್ಮದೇ ಇರಬೇಕು. ನಿಮ್ಮ ತಂತಿ ಮೇಲೆ ಒಣಗ್ತಿದ್ದದ್ದು. ಅದು... ನಾಯಿ ಬಾಯಲ್ಲಿ ಕಚ್ಕೊಂಡು ಬಂತು. ಬಸ್ಸಲ್ಲಿ ಚಳಿ ಆಗುತ್ತಲ್ಲ.

ಏನಾದ್ರೂ ಅನ್ನಿ ಶಿವಗಂಗಮ್ಮನೋರೇ. ಬೈಯ್ಯಿರಿ. ಎದುರಿಗೆ ಕೂತವರು ಸುಮ್ಮನಿದ್ರೆ ನನಗೆ ಉಸಿರು ಕಟ್ಟುತ್ತೆ. ಲೇ ಇವಳೇ, ಕಾಫಿ ಆಯ್ತೇನೇ? ...ಅವಳೂ ಮಾತಾಡಲ್ಲ. ನಾಯಿ ವಾಪಸ್ ಬಂದ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದಾಳೆ. ನಾಯಿ ಅನ್ನ ಬಿಟ್ಟಿದೆ, ಹೆಂಡತಿ ಮಾತು ಬಿಟ್ಟಿದಾಳೆ, ನಾನೊಬ್ಬನೇ ಎರಡೂ ಬಿಡದೆ ಕೂತಿರೋದು.

ಹೂಂ. ಏನೂ ತಿಂದಿಲ್ಲ ಅದು. ಬಂದಾಗಿಂದ. ನಾನು ಹಾರ್ನ್ ಮುಟ್ಟಿಲ್ಲ, ಎರಡು ಗಣೇಶನ ಆರ್ಡರ್ ವಾಪಸ್ ಕಳಿಸಿದೀನಿ. ಇಲ್ಲೇ ನೆಲದ ಮೇಲೆ ಅದರ ಪಕ್ಕ ಮಲಗ್ತೀನಿ. ಸಾಕಾಗಿದೆ ನನಗೂ. ಮೈಯೆಲ್ಲ ನೋವು.

ಬ್ಯಾಗಿಂದ ಏನು ತೆಗೀತಿದೀರಿ? ಪೊಟ್ಟಣ... ರಾಗಿ ರೊಟ್ಟಿ? ನನಗಾ? ...ಅಲ್ಲ.

ಓಹೋ. ರೊಟ್ಟಿ ತಟ್ಟಿ ತಂದಿದೀರಿ. ನಾಯಿ ಕಾಣೆಯಾಗಿದೆ ಅಂತ ಹೇಳೋಕೆ ಬಂದೋರು ರೊಟ್ಟಿ ಯಾಕೆ ತರ್ತಾರೆ? ಇಲ್ಲೇ ಇದೆ ಅಂತ ಗೊತ್ತಿದ್ದೇ ಬಂದ್ರಿ. ಗೊತ್ತಿದ್ದೂ ಬಸ್ಸು, ಕ್ಯೂ, ಅರ್ಧ ಟಿಕೆಟ್ಟು ಎಲ್ಲಾ ಕೇಳ್ತಾ ಕೂತ್ರಿ. ನಿಲ್ಲಿಸಬಾರದಾಗಿತ್ತೇನ್ರೀ ನನ್ನ?

ಅದು ಕಾಣೆಯಾದ ದಿನ ಕೆಂಗೇರೀಲಿ ನನಗೆ ಕೆಲಸ ಇರಲಿಲ್ಲ. ಸುಮ್ನೆ ಸೈಕಲ್ ತುಳ್ಕೊಂಡು ಬಂದೆ, ದೂರದಿಂದ ನೋಡಿ ಹೋಗೋಣ ಅಂತ. ನೀವು ಬತ್ತಿ ಕೊಡೋಕೆ ಅಂಗಡಿಗೆ ಹೋಗಿದ್ರಿ ಅನ್ಸುತ್ತೆ. ಬೇಲಿ ಸಂದೀಲಿ ನೋಡಿದೆ. ಜಗಲಿ ಬಿಸಿಲಲ್ಲಿ ಅಂಗಾತ ಮಲಗಿತ್ತು, ನಾಲ್ಕೂ ಕಾಲು ಆಕಾಶಕ್ಕೆ. ಹೊಟ್ಟೆ ಮೇಲೆ ಒಂದು ಕಂದು ಮಚ್ಚೆ ಇದೆ ಅದಕ್ಕೆ. ದೀಪಾವಳಿಯಿಂದ ಸಾಕಿದೀನಿ, ನನಗೆ ಗೊತ್ತೇ ಇರಲಿಲ್ಲ! ಖುಷಿ ಪಡಬೇಕಿತ್ತು. ಹೊಟ್ಟೆ ಉರೀತು ಶಿವಗಂಗಮ್ಮನೋರೇ. 'ಸಿಡಿಲೂ' ಅಂದೆ. ಅಷ್ಟಕ್ಕೇ ಗೋಡೆಗೆ ಅಂಟ್ಕೊಂಡ್ತು. ಟವೆಲಲ್ಲಿ ಸುತ್ತಿ, ಕ್ಯಾರಿಯರ್ ಬುಟ್ಟೀಲಿ... ಕಚ್ಚಲಿಲ್ಲ. ಕೊಸರಾಡಲಿಲ್ಲ. ದಾರಿ ಪೂರ್ತಿ ನಡುಗ್ತಾ ಬಂತು. ನಾನು ಸಮಾಧಾನ ಮಾಡ್ತಾ ಬಂದೆ. ಜೋರಾಗಿ. ನನಗೆ ಮೆಲ್ಲಗೆ ಬರಲ್ಲ.

ಈಗ ಏನಂತ ಕರೆದ್ರಿ ಅದನ್ನ? ತುಟಿ ಅಲ್ಲಾಡಿದ್ದು ಕಂಡೆ, ನನಗೆ ಕೇಳಿಸ್ಲಿಲ್ಲ.

ಅದಕ್ಕೆ ಕೇಳಿಸ್ತು.

...ಬರ್ತಿದೆ. ಮೂಗು ಬಂತು. ನಾನು ಅಲ್ಲಾಡಲ್ಲ, ನೀವು ಅಲ್ಲಾಡಬೇಡಿ. ಬಾಲ ನೋಡಿ... ಓ, ಇದು ಬಾಲ ಅಲ್ಲಾಡಿಸೋ ನಾಯಿ. ತಿನ್ನು, ತಿನ್ನು ಮಗಳೇ... ಇಲ್ಲ, ಇಲ್ಲ, ನಾನು ಮಾತಾಡಲ್ಲ.

...ಕರ್ಕೊಂಡ್ ಹೋಗಿ. ಟವೆಲಲ್ಲೇ ಸುತ್ಕೊಳ್ಳಿ. ಮರಿಯಪ್ಪನ ಜಟಕಾ ಕರೆಸ್ತೀನಿ, ಕುದುರೆ ಗೆಜ್ಜೆ ಬಿಚ್ಚಿಟ್ಟು ಹೊಡಿ ಅಂತ ಹೇಳ್ತೀನಿ. ನಾನು ಬಾಗಿಲವರೆಗೂ ಬರಲ್ಲ. ಬಂದ್ರೆ ಏನಾದ್ರೂ ಅಂದುಬಿಡ್ತೀನಿ.

ಇನ್ನೊಂದು. ಬಸ್ಸಿನ ಕಥೆ ಬಿಡಿ, ಅದು ಸುಳ್ಳು ಅಂತ ಆಂಪ್ಲಿಫೈಯರಿಗೂ ಗೊತ್ತಿತ್ತು. ಸುಟ್ಟ ಕಲೆ ನಿಜ. ಸರಪಟಾಕಿ ನಿಜ. ಬನ್ನು ನೆನೆಸಿದ್ದೂ ನಿಜ, ದಿನಾ ನೆನೆಸಿದೀನಿ. ಒಂದೇ ಒಂದು ಸಣ್ಣ ವಿಷಯ ಮಾತ್ರ ನಾನು ಸೇರಿಸಿದ್ದು... ಈ ಅಂಗೈಯಿಂದ ಅದು ಯಾವತ್ತೂ ತಿಂದಿಲ್ಲ.