ಅಂಜೂ ಮಂದಿ

೧೯೪೬ರ ಮಾತು. ಗಂಗಾವತಿಯಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ದವಾಖಾನೆಯ ಇಬ್ಬರು ನರ್ಸುಗಳು ಮಾತಾಡುತ್ತಿದ್ದರು. ಹಿರಿಯಳು ಕಾಸೀಮಬೀ, ಕಿರಿಯಳು ಶೇಖರಮ್ಮ.

"ಕೊಪ್ಪಳದ ಸಭಾದಾಗ ನೀನ ಮಾತಾಡಬೇಕು ಶೇಖರವ್ವಾ. ನರ್ಸುಗಳ ಅಂಜುಮನ್‌ಗೆ ನಿನ್ನ ಮುಂದಾಳು ಮಾಡೇವಿ."

"ಡಾಕ್ಟರ್ ಸಾಹೇಬ್ರು ನೌಕರಿ ತೆಗೀತೀನಿ ಅಂದಾರ್ರಿ ಆಪಾ. ಅಂಜುಮನ್ ಅಂದ್ರ ಸಂಘ ಅಲ್ಲ, ಅಂಜೂ ಮಂದಿ ಅಂತ ನಕ್ಕರು."

"ಅವ್ರ ಹೆಂಡ್ತಿ ಹಡಿಯೋ ಹೊತ್ತಿಗೆ ಬಾಗಲಾಗ ನಿಂತು ನಡುಗಿದವ್ರು ಯಾರಂತ?"

ಶೇಖರಮ್ಮ ನಕ್ಕಳು. ಕಾಸೀಮಬೀ ನಗಲಿಲ್ಲ.

"ಊರಿನ ಕೂಸೆಲ್ಲ ನಮ್ಮ ಕೈಯಾಗ ಹುಟ್ತಾವ. ನಾವು ಹಡಿಯಾಕ ಕುಂತ್ರ ರಜಾ ಇಲ್ಲ, ನೌಕರಿನ ಹೋಗ್ತೈತಿ. ಇದನ್ನ ಕೇಳಾಕ ಹೊಂಟೇವಿ."

"ಕೇಳಿದ್ರೂ ಹೋಗ್ತೈತಲ್ರಿ."

"ಕೇಳದಿದ್ರ ಉಳಿತೈತೇನು? ನಿನ್ನ ಹೊಟ್ಟಿ ಇನ್ನೆಷ್ಟು ದಿನ ಸೆರಗಿನಾಗ ಮುಚ್ಚಿಡ್ತಿ?"

ಶೇಖರಮ್ಮ ಸೆರಗು ಹಿಡಿದುಕೊಂಡೇ ನಿಂತಳು. ಬಸ್ಸು ಬಂತು. ಗಂಡಸರು ಬಾಗಿಲಿಗೆ ನುಗ್ಗಿದರು.

"ಸರೀರಿ ಯಣ್ಣಾ, ಬಸಿರಿ ಹೆಂಗಸು ಹತ್ತಬೇಕು!" ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿ, ಶೇಖರಮ್ಮ ಎಲ್ಲರಿಗಿಂತ ಮೊದಲು ಹತ್ತಿದಳು.