ಹಿಂದಿನ ಕೋಣೆಯ ಗೋಡೆ ಒಡೆದ ಬಗ್ಗೆ

ಬಣ್ಣದಕ್ಕ ಎಂದು ಎಲ್ಲರೂ ಕರೆಯುವ ನಾನು, ವಯಸ್ಸು 43, ಕಸುಬು ಮನೆಗಳಿಗೆ ಬಣ್ಣ ಬಳಿಯುವುದು, ವಾಸ ನೀರಿನ ಟ್ಯಾಂಕಿನ ಹಿಂದಿನ ಸಾಲಿನ ಮೂರನೇ ಮನೆ, ಇಂದು ಠಾಣೆಗೆ ಕರೆಸಿ ಕೇಳಿದ್ದಕ್ಕೆ ಬರೆಸುತ್ತಿರುವುದೇನೆಂದರೆ:

ಮಾರಾಟಕ್ಕಿರುವ ಮನೆಯೊಂದಕ್ಕೆ ಒಳಗೆಲ್ಲ ಬಣ್ಣ ಬಳಿಯಲು ಅದರ ಯಜಮಾನರು ನನ್ನನ್ನು ಗೊತ್ತು ಮಾಡಿದ್ದರು. ಮಂಗಳವಾರ ಬೆಳಿಗ್ಗೆ 9.15ಕ್ಕೆ ಕೆಲಸ ಹಿಡಿದೆ. ಹಿಂದಿನ ಕೋಣೆಯ ಹಳೆಯ ಬಣ್ಣ ಕೆರೆಯುವಾಗ ತೊಲೆಯ ಬುಡದಿಂದ ಓರೆಯಾಗಿ ಇಳಿದ ಬಿರುಕು ಕಂಡಿತು. ಉದ್ದ ಐದು ಅಡಿ. ಬಿರುಕು ನಿಂತಿದೆಯೋ ಇನ್ನೂ ಬೆಳೆಯುತ್ತಿದೆಯೋ ಎಂದು ತಿಳಿಯಲು ನಮ್ಮ ಕಸುಬಿನವರು ಅದರ ಮೇಲೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸುತ್ತಾರೆ. ನಾನೂ ಅಂಟಿಸಿದೆ. ಗುರುವಾರ ಬೆಳಿಗ್ಗೆ 9ಕ್ಕೆ ನೋಡಿದಾಗ ಪಟ್ಟಿ ನಟ್ಟನಡುವೆ ಹರಿದಿತ್ತು. ಅಂದರೆ ಗೋಡೆ ಬಾಯಿ ಬಿಡುತ್ತಲೇ ಇತ್ತು.

ಹರಿದ ಪಟ್ಟಿಯನ್ನು ಯಜಮಾನರಿಗೂ ಜೊತೆಗಿದ್ದ ಮನೆ ದಲ್ಲಾಳಿಗೂ ತೋರಿಸಿ, ಇದು ಬಣ್ಣದ ಕೆಲಸವಲ್ಲ, ತೊಲೆಗೆ ಆಸರೆ ಕೊಟ್ಟು ಗೋಡೆ ಬಿಚ್ಚಿ ಕಟ್ಟಿಸಬೇಕು ಎಂದೆ. ನೀನು ಬಣ್ಣ ಬಳಿಯೋಳೋ ಇಂಜಿನಿಯರೋ, ನಿನ್ನ ಕೆಲಸ ನೋಡು ಎಂದು ಯಜಮಾನರು ಹೇಳಿದರು. ದಲ್ಲಾಳಿ ನಗುತ್ತಾ, ಏನಕ್ಕ, ಹೊರಗೆ ಹೊರಡುವಾಗ ನೀವು ಮುಖಕ್ಕೆ ಪೌಡರ್ ಹಚ್ಚಲ್ವಾ, ಮನೆಗೂ ಅಷ್ಟೇ ಅಂದ್ಕೊಳ್ಳಿ ಎಂದರು. ಮುಖಕ್ಕೆ ಹಚ್ತೀನಪ್ಪ, ಮುರಿದ ಕಾಲಿಗೆ ಹಚ್ಚಿ ನಡಿ ಅನ್ನಲ್ಲ ಎಂದೆ. ಇಷ್ಟು ಬಾಯಿ ಮಾಡಿದವಳು ಕೊನೆಗೆ ಆ ಬಿರುಕನ್ನು ಮುಚ್ಚಿದೆ. ಬೇರೆ ಯಾರೂ ಅಲ್ಲ, ನಾನೇ. ಗುರುವಾರ ಬಿರುಕಿಗೆ ಪುಟ್ಟಿ ಮೆತ್ತಿದೆ, ಶುಕ್ರವಾರ ಎರಡು ಸಲ ಬಣ್ಣ. ನನ್ನ ಕೈಕೆಲಸ ಚೆನ್ನಾಗಿದೆ. ಬಿರುಕು ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು.

ಇಂದು ಶನಿವಾರ 11.10ಕ್ಕೆ ಮನೆ ಕೊಳ್ಳಲು ಬಸ್ ಕಂಡಕ್ಟರ್ ಒಬ್ಬರು, ಅವರ ಹೆಂಡತಿ ಮತ್ತು ತಾಯಿ ಬಂದರು. ನಾನು ಕಿಟಕಿ ಗಾಜಿನ ಮೇಲಿನ ಬಣ್ಣದ ಚುಕ್ಕೆ ಒರೆಸುತ್ತಿದ್ದೆ. ಆ ತಾಯಿ ಗೋಡೆಗೆ ಅಂಗೈ ಒತ್ತಿ, ತಣ್ಣಗಿದೆ ಕಣೋ, ನನ್ನ ಮಂಚ ಇಲ್ಲೇ ಹಾಕು ಎಂದರು. ನಿನ್ನ ಗೊರಕೆ ಈ ಗೋಡೆ ತಡೀಬೇಕಲ್ಲಮ್ಮ ಎಂದು ಮಗ ನಕ್ಕರು. ಬಂಡೆಯಂಥ ಗೋಡೆ ಸಾರ್ ಎಂದು ದಲ್ಲಾಳಿಯೂ ನಕ್ಕರು. ಯಜಮಾನರು ನನ್ನನ್ನು ನೋಡಿದರು. ನಾನು ನಗಲಿಲ್ಲ.

11.20ಕ್ಕೆ ನನ್ನ ಚೀಲದಿಂದ ಉಳಿ, ಸುತ್ತಿಗೆ ತೆಗೆದೆ. ಅಮ್ಮಾ, ಸ್ವಲ್ಪ ಈಚೆ ಬನ್ನಿ ಎಂದು ಆ ತಾಯಿಯ ಕೈ ಹಿಡಿದು ಬಾಗಿಲ ಬಳಿ ನಿಲ್ಲಿಸಿ, ಬಿರುಕಿನ ಮೇಲೆ ಐದು ಪೆಟ್ಟು ಹಾಕಿದೆ. ಪುಟ್ಟಿ ಪೊರೆಯಂತೆ ಕಳಚಿತು. ಬೆರಳು ಹಾಕಿ ನೋಡಿ ಅಣ್ಣ ಎಂದೆ. ಕಂಡಕ್ಟರ್ ಹಾಕಿದರು; ಎರಡನೇ ಗಿಣ್ಣಿನವರೆಗೆ ಹೋಯಿತು. ಇದನ್ನ ಮುಚ್ಚಿದೋರು ಯಾರು ಎಂದು ಆ ತಾಯಿ ಕೇಳಿದರು. ನಾನೇ ಎಂದೆ. ಅವರು ನನ್ನ ಮುಖವನ್ನು ನೋಡಿ, ಮಗನ ಕೈ ಹಿಡಿದು ಹೊರಟುಹೋದರು.

ನಾನು ಗೋಡೆ ಹಾಳು ಮಾಡಿದೆನೆಂದು ಯಜಮಾನರು ದೂರು ಕೊಟ್ಟಿದ್ದಾರೆ. ಗೋಡೆ ಮೊದಲೇ ಹಾಳಾಗಿತ್ತು. ನಾನು ಹಾಳು ಮಾಡಿದ್ದು ವ್ಯಾಪಾರವನ್ನು. ಅದನ್ನು ಬರೆದುಕೊಳ್ಳಿ. ಕೂಲಿ ಮಾಡುವ ಹೆಂಗಸಿಗೆ ಕಣ್ಣಿರಬಾರದು ಎಂಬ ಕಾನೂನು ಇದ್ದರೆ ತಂದು ತೋರಿಸಲಿ. ನಾಳೆ ಬೆಳಿಗ್ಗೆ 10ಕ್ಕೆ ಮನೆ ನೋಡಲು ಇನ್ನೊಬ್ಬರು ಬರುತ್ತಾರೆ, ಅಷ್ಟರಲ್ಲಿ ಬೇರೆಯವರಿಂದ ಮುಚ್ಚಿಸುತ್ತೇನೆ ಎಂದು ಯಜಮಾನರು ಠಾಣೆಯ ಮೆಟ್ಟಿಲ ಮೇಲೆಯೇ ಹೇಳಿದ್ದಾರೆ. ಆದ್ದರಿಂದ ಇವತ್ತೇ ಆ ಬಿರುಕಿನ ಫೋಟೊ ತೆಗೆದು ಈ ಹೇಳಿಕೆಗೆ ಲಗತ್ತಿಸಬೇಕು.

ಬರೆದುಕೊಳ್ಳುತ್ತಿರುವ ಮುಖ್ಯ ಪೇದೆಯವರು ಒಳ್ಳೆಯ ಮನಸ್ಸಿನಿಂದಲೇ, ಉಳಿ ಜಾರ್ತು ಅಂತ ಹೇಳ್ಬಿಡಮ್ಮ, ಇಲ್ಲಿಗೇ ಮುಗಿಯುತ್ತೆ, ಮನೆಗೆ ಹೋಗು ಎಂದರು. ಉಳಿ ಜಾರಿತು ಎಂದರೆ ಆ ಬಿರುಕೂ ನನ್ನದೇ ಆಗುತ್ತದೆ. ನಾಳೆ ಅದನ್ನು ಮುಚ್ಚಲು ಯಾರ ಅಡ್ಡಿಯೂ ಇರುವುದಿಲ್ಲ. ಉಳಿ ಜಾರಲಿಲ್ಲ.

ಇದನ್ನೆಲ್ಲ ನನಗೆ ಓದಿ ಹೇಳಿದ್ದಾರೆ. ಎರಡನೇ ಪುಟದಲ್ಲಿ ಸೇರಿಕೊಂಡಿದ್ದ ‘ಆಕಸ್ಮಿಕವಾಗಿ’ ಎಂಬ ಪದವನ್ನು ಹೊಡೆಸಿ, ಪಕ್ಕದಲ್ಲಿ ‘ಬೇಕೆಂದೇ’ ಎಂದು ಬರೆಸಿ, ಅಲ್ಲಿಯೂ ಸಹಿ ಹಾಕಿದ್ದೇನೆ. ಉಳಿದದ್ದು ನಾನು ಹೇಳಿದ ಹಾಗೇ ಇದೆ, ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಶನಿವಾರ, ಮಧ್ಯಾಹ್ನ 3.50
ಸಹಿ: (ಬಣ್ಣದಕ್ಕ)