ಕೆರೆಯ ನಡುವಿನ ಚಾರ್ಜಿಂಗ್ ಕೇಂದ್ರ

ಪೀಠದಲ್ಲಿರುವ ಅಧ್ಯಕ್ಷರೇ, ದೂರದಿಂದ ಹೊತ್ತಿಗೆ ಸರಿಯಾಗಿ ಬಂದ ಅತಿಥಿಗಳೇ, ಹತ್ತಿರದಿಂದ ತಡವಾಗಿ ಬಂದ ಸಭಿಕರೇ,

ಈ ಕಥೆಯನ್ನು ಮೊದಲು ಹೇಳಿದವನು ನಮ್ಮ ಅಂಬಿಗ. ಹೋದ ವರ್ಷ ಇದೇ ತಿಂಗಳು, ಕ್ಷೌರದ ಅಂಗಡಿಯಲ್ಲಿ, ಅರ್ಧ ಗಡ್ಡ ಬೋಳಿಸಿಕೊಂಡು ಹೇಳಿದ. ಕ್ಷೌರಿಕ ಕತ್ತಿ ಎತ್ತಿ ಹಿಡಿದೇ ಕೇಳಿದನಂತೆ. ಕಥೆ ನನ್ನದೇ ಆದ್ದರಿಂದ ನಾನೂ ಹೇಳಬಹುದು.

ಮೂರು ಊರುಗಳ ಈ ಸೀಮೆಗೆ ವಿದ್ಯುತ್ ಗಾಡಿಗಳ ಚಾರ್ಜಿಂಗ್ ಜಾಲ ಯೋಜಿಸುವ ಸಮಿತಿಗೆ ನನ್ನನ್ನು ಮುಖ್ಯಸ್ಥನನ್ನಾಗಿ ಮಾಡಿದಿರಿ. ಯಾಕೆ? ಒಂದೂರು ನನ್ನದು, ಇನ್ನೊಂದು ಹೆಂಡತಿಯದು, ಮತ್ತೊಂದು ಅಕ್ಕನನ್ನು ಕೊಟ್ಟ ಊರು. ಎಲ್ಲರಿಗೂ ಬೇಕಾದವನು ಎಂದಿರಿ. ಎಲ್ಲರಿಗೂ ಬೇಕಾದವನು ಮನೆಯಲ್ಲಿ ನೆಮ್ಮದಿಯಾಗಿ ಉಂಡಾನೆಯೇ ಎಂದು ಯಾರಾದರೂ ಕೇಳಿದಿರಾ?

ಮೊದಲ ಕೇಂದ್ರ ಎಲ್ಲಿ? ಮೈದುನ ಬಂದ. “ಭಾವ, ನಮ್ಮೂರಲ್ಲಿ ಹಾಕಿಸ್ದೇ ಇದ್ರೆ ಅಕ್ಕನ್ನ ಕರ್ಕೊಂಡು ಹೋಗ್ತೀವಿ, ಅಷ್ಟೇ.” ನನ್ನಕ್ಕ ಬಂದಳು. “ತಮ್ಮಾ, ಹೆಂಡ್ತಿ ಊರಿಗೇ ಹಾಕ್ಸು. ಆಮೇಲೆ ನನ್ನ ಹೊಸಿಲು ತುಳೀಬೇಡ.” ನನ್ನೂರಿನವರು ಗುಂಪಾಗಿ ಬಂದು ಮನೆ ಮುಂದೆ ನಿಂತರು.

ನಮ್ಮಲ್ಲಿ ಇಂಥ ಜಗಳಕ್ಕೆ ಹಗ್ಗವೇ ನ್ಯಾಯಾಧೀಶ. ಮೂರೂರಿನಿಂದಲೂ ಒಂದೇ ಉದ್ದದ ಹಗ್ಗ ಎಳೆಯುವುದು, ತುದಿಗಳು ಕೂಡಿದಲ್ಲಿ ಗೂಟ ಹೊಡೆಯುವುದು. ಎಳೆದೆವು. ಕೂಡಿದ್ದು ಕೆರೆಯ ನಟ್ಟನಡುವೆ.

“ಸಾರ್, ಅದು ನೀರು,” ಎಂದರು ಇಂಜಿನಿಯರು.

“ನೀರಿಗೆ ನೆಂಟರಿಲ್ಲ. ಅಲ್ಲೇ ಹಾಕಿ,” ಎಂದೆ.

ಹಾಕಿದರು. ಕಂಬಗಳ ಮೇಲೆ ಕಟ್ಟೆ, ಕಟ್ಟೆಯ ಮೇಲೆ ಚಾರ್ಜರು, ಪಕ್ಕದಲ್ಲಿ ‘ವಾಹನ ನಿಧಾನವಾಗಿ ಚಲಾಯಿಸಿ’ ಎಂಬ ಫಲಕ. ಕಾರುಗಳು ದೋಣಿಯಲ್ಲಿ ಹೋಗಿ ಚಾರ್ಜಾಗಿ ಬರಬೇಕು. ಒಂದು ಸಲಕ್ಕೆ ಒಂದೇ ಕಾರು. ಅದು ತುಂಬುವವರೆಗೆ ಅಂಬಿಗ ಗಾಳ ಹಾಕಿ ಕೂರುತ್ತಿದ್ದ. ನ್ಯಾಯ ಎಂದರೆ ಇದಲ್ಲವೇ? ಮೂರೂರಿಗೂ ಸಮನಾದ ತೊಂದರೆ!

ನನ್ನ ಹೆಂಡತಿ ನರ್ಸು. ಮೂರೂರಿನ ಕೂಸುಗಳಿಗೂ ಲಸಿಕೆ ಹಾಕುವವಳು ಅವಳೇ, ಅದೂ ವಿದ್ಯುತ್ ಕಾರಿನಲ್ಲಿ ಓಡಾಡಿ. ದಂಡೆಯ ಸಾಲಿನಲ್ಲೇ ಅವಳ ಹಗಲು ಮುಗಿಯುತ್ತಿತ್ತು. ಅತ್ತ ಊರುಗಳಲ್ಲಿ ತಾಯಂದಿರು ಕೂಸು ಕಟ್ಟಿಕೊಂಡು ಕಾಯುತ್ತಿದ್ದರು. ಒಂದು ದಿನ ಅವಳೆಂದಳು: “ರೀ, ನಿಮ್ಮ ನ್ಯಾಯ ನೀರಲ್ಲಿದೆ, ನನ್ನ ಗಾಡಿ ದಂಡೇಲಿದೆ. ಇನ್ನೊಂದು ಮಗು ಲಸಿಕೆ ಇಲ್ದೆ ವಾಪಸ್ ಹೋದ್ರೆ ನಾನೂ ಕೆರೆ ಮಧ್ಯದಲ್ಲೇ ಮನೆ ಮಾಡ್ತೀನಿ. ಯಾವ ಊರಿಗೂ ಹತ್ತಿರ ಆಗಲ್ಲ, ನಿಮಗಂತೂ ಆಗೋದೇ ಇಲ್ಲ.”

ನಾನು ನಕ್ಕೆ. ನಗಬಾರದಿತ್ತು. ಆ ದಿನ ದೋಣಿಯ ಮೇಲೆ, ಕಾರಿನ ಗಾಜು ಏರಿಸಿಕೊಂಡು ಅವಳು ಅತ್ತಳಂತೆ. ಇದು ನನಗೆ ತಿಳಿದದ್ದು ಅವಳಿಂದಲ್ಲ. ಅಂಬಿಗ ಅಂಗಡಿಯಲ್ಲಿ ಹೇಳಿ, ಅದು ಊರೆಲ್ಲ ಸುತ್ತಿ, ಕಡೆಗೆ ನನ್ನ ಕಿವಿಗೆ ಬಿತ್ತು. ಗಂಡನಾದವನು ಹೆಂಡತಿಯ ಸುದ್ದಿ ತಿಳಿಯಬೇಕಾದ ದಾರಿ ಇದಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಅಂಗಡಿಯಲ್ಲಿ ಅಂಬಿಗನ ಮಾತು ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರು? ಅವಳ ಕಾರು ಚಾರ್ಜಾಗಲೆಂದು ಕ್ಷೌರಿಕ ತನ್ನ ಕಿಟಕಿಯಿಂದ ಬೀದಿಗೆ ಒಂದು ವೈರು ಇಳಿಬಿಟ್ಟ. ಎದುರಂಗಡಿಯ ದರ್ಜಿ ಸೋಲುತ್ತಾನೆಯೇ? ಅವನೂ ಬಿಟ್ಟ. ಸುದ್ದಿ ಹಬ್ಬಿ ಮೂರೂರಿನ ಕಿಟಕಿಗಳೂ ಜಿದ್ದಿಗೆ ಬಿದ್ದವು. ಮೈದುನನಂತೂ ಎರಡೆರಡು ವೈರು ಬಿಟ್ಟ. ನೀವಿಂದು ಸನ್ಮಾನಿಸುತ್ತಿರುವ ಜಾಲ ಅದೇ. ನನ್ನಕ್ಕ ನನ್ನ ಹೆಂಡತಿಯ ಕಾರನ್ನು ಬೀದಿಯಲ್ಲೇ ಅಡ್ಡಗಟ್ಟಿ, ಪ್ಲಗ್ಗು ಸಿಕ್ಕಿಸಿ, ಅವಳ ಕೈಹಿಡಿದು ಅದೇ ಹೊಸಿಲ ಮೇಲೆ ಕೂರಿಸಿಕೊಂಡಳು.

“ಕೂತ್ಕೊಳ್ಳೇ. ಗಾಡಿ ತುಂಬೋತನಕ ನನ್ನ ತಮ್ಮನ್ನ ಬೈಯೋಣ.”

ಬೈಸಿಕೊಂಡವನ ಮಾತನ್ನು ಇಷ್ಟು ಹೊತ್ತು ಕೇಳಿದಿರಿ, ನಿಮ್ಮ ಋಣ ದೊಡ್ಡದು. ನಮಸ್ಕಾರ.